30 ಹೆನ್ರಿ ಕಾಯಿಲ್ ಎಲ್ಲಿಂದ ತರ್ತೀರಿ?

ಅಲುಗುವ ಬೀಮಿನುದ್ದಕ್ಕೂ ಪೀಜೋ ಪಟ್ಟಿ (ಬಾಗಿದರೆ ವೋಲ್ಟೇಜ್ ಕೊಡುವಂಥದ್ದು) ಅಂಟಿಸಿ, ಒಂದೊಂದಕ್ಕೂ ಶಂಟ್ ಸರ್ಕ್ಯೂಟ್ (ಪಟ್ಟಿಯ ತುದಿಗಳಿಗೆ ಜೋಡಿಸುವ ಸರ್ಕ್ಯೂಟ್) ಕೊಟ್ಟು, ಕಂಪನ ದಾಟಲಾಗದ ಫ್ರೀಕ್ವೆನ್ಸಿ ವ್ಯಾಪ್ತಿ, ಅಂದರೆ ಬ್ಯಾಂಡ್‌ಗ್ಯಾಪ್ ತರ್ತೀನಿ ಅಂದಾಗ ಎಲ್ಲರೂ ಕೇಳಿದ್ದು ಇದನ್ನೇ. ಪಟ್ಟಿಯ ಕೆಪಾಸಿಟನ್ಸ್ ಸುಮಾರು 20 ನ್ಯಾನೊಫ್ಯಾರಡ್, ನನಗೆ ಬೇಕಿದ್ದದ್ದು 200 ಹರ್ಟ್ಸ್. ಆ ಫ್ರೀಕ್ವೆನ್ಸಿಯಲ್ಲಿ ಪಟ್ಟಿಯ ಜೊತೆ ರೆಸೊನೆನ್ಸ್ ಆಗುವ ಕಾಯಿಲ್ ಎಷ್ಟಿರಬೇಕು ಅಂತ ಲೆಕ್ಕ ಹಾಕಿದರೆ 30 ಹೆನ್ರಿ (ಕಾಯಿಲಿನ ಇಂಡಕ್ಟನ್ಸ್ ಅಳತೆ) ದಾಟುತ್ತದೆ. ತಾಮ್ರ ಸುತ್ತಿದರೆ ಬೀಮಿಗಿಂತ ಕಾಯಿಲ್ಲೇ ಭಾರ. "ಸುಮ್ನೆ ತುದಿಗೊಂದು ಟ್ಯೂನ್ಡ್ ಮಾಸ್ ಕಟ್ಟಿ ಮುಗಿಸಿ" (ತಾನೇ ಅಲುಗಿ ಕಂಪನ ಹೀರುವ ತೂಕ) ಅಂದವರೇ ಜಾಸ್ತಿ. ಈಗ ಆ ಬ್ಯಾಂಡಿನೊಳಗೆ ಬೀಮಿನ ತುದಿಯ ಅಲುಗಾಟ ಹೆಚ್ಚೂಕಡಿಮೆ 20 ಡೆಸಿಬೆಲ್ ಇಳಿದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಕಾಯಿಲ್ ಬದಲು ಆಂಟೋನಿಯೂ ಗೈರೇಟರ್: ಆಪ್-ಆಂಪ್ (ಆಂಪ್ಲಿಫೈಯರ್ ಚಿಪ್), ರೆಸಿಸ್ಟರ್, ಕೆಪಾಸಿಟರ್ ಸೇರಿಸಿ ಕಾಯಿಲಿನಂತೆ ವರ್ತಿಸುವ ಸರ್ಕ್ಯೂಟ್. ಮೊದಲು ±15 ವೋಲ್ಟಿನ ಮಾಮೂಲಿ ಆಪ್-ಆಂಪ್ ಹಾಕಿದೆ. ಶೇಕರ್ (ಬೀಮನ್ನು ಅಲುಗಿಸುವ ಯಂತ್ರ) ಮೆಲ್ಲಗೆ ಆಡಿಸಿದಾಗ ಗ್ಯಾಪ್ ಕಂಡಿತು. ತುಸು ಜೋರು ಮಾಡಿದರೆ ಮಾಯ. ರೆಸೊನೆನ್ಸ್‌ನಲ್ಲಿ ಪಟ್ಟಿಯ ಮೇಲೆ ಹತ್ತಾರು ವೋಲ್ಟ್ ಏರುತ್ತದೆ, ಚಿಪ್ಪಿಗೆ ಅಷ್ಟು ಏರಲಾಗದೆ ಸ್ಕೋಪಿನಲ್ಲಿ ಅಲೆಯ ತಲೆ ಚಪ್ಪಟೆ. ಹೈ ವೋಲ್ಟೇಜ್ ಚಿಪ್ಪಿನ ಬೆಲೆ ಮಾಮೂಲಿಯದರ ಹತ್ತು ಪಟ್ಟಿಗೂ ಮೇಲೆ. ಒಂದೊಂದು ಸೆಲ್ಲಿಗೆ (ಪಟ್ಟಿ ಮತ್ತು ಅದರ ಸರ್ಕ್ಯೂಟಿನ ಘಟಕ) ಎರಡು ಬೇಕು, ನನ್ನದು ಹತ್ತು ಸೆಲ್. ಅರ್ಧ ದುಡ್ಡು ಅಲ್ಲೇ ಹೋಯಿತು. ಅಂಟಿಸುವಾಗ ಬಿರುಕು ಬಿಟ್ಟ ಪಟ್ಟಿಗಳ ಲೆಕ್ಕ ಬೇರೆ.

ಇಷ್ಟಾದರೂ ಗ್ಯಾಪ್ ಮಸುಕಾಗಿಯೇ ಇತ್ತು. ಇಲ್ಲೇ ಬಹಳ ಜನ ಕೈಬಿಡುವುದು. ಪಟ್ಟಿ ತಯಾರಿಸುವವರು ಕೆಪಾಸಿಟನ್ಸಿಗೆ ಸಾಮಾನ್ಯವಾಗಿ ಕೊಡುವ ಟಾಲರೆನ್ಸ್ ಶೇ. 20. ಫ್ರೀಕ್ವೆನ್ಸಿಗೆ ಅದರ ಅರ್ಧ ಬರುತ್ತದೆ, ಅಂದರೆ ಶೇ. 10ರಷ್ಟು ಆಚೀಚೆ. ನನ್ನ ಗ್ಯಾಪಿನ ಅಗಲವೇ ಶೇ. 5ರ ಆಸುಪಾಸು! ಹತ್ತು ಸೆಲ್ಲೂ ಹತ್ತು ರಾಗ ಹಾಡಿದರೆ ಗ್ಯಾಪ್ ಎಲ್ಲಿಂದ ಬರಬೇಕು? ಗೈರೇಟರಿನ ಹೆನ್ರಿ ನಿರ್ಧರಿಸುವ ರೆಸಿಸ್ಟರ್ ಎಲ್ಲಕ್ಕೂ ಒಂದೇ ಹಾಕುವುದನ್ನು ಬಿಟ್ಟು, ಒಂದೊಂದು ಸೆಲ್ಲನ್ನೂ ಬೇರೆಯಾಗಿ ಟ್ಯೂನ್ ಮಾಡಿದೆ. ಅದೂ ಅಂಟಿಸಿದ ಮೇಲೆ ಅಳೆದು. ಅಂಟು ಪಟ್ಟಿಯನ್ನು ಹಿಡಿದುಕೊಳ್ಳುವುದರಿಂದ ಕೆಪಾಸಿಟನ್ಸ್ ಇಳಿಯುತ್ತದೆ. ಡಬ್ಬಿಯಿಂದ ತೆಗೆದಾಗಿನ ಅಳತೆ ಉಪಯೋಗಕ್ಕಿಲ್ಲ. ಒಂದು ಸೆಲ್ ಟ್ಯೂನ್ ಮಾಡುವಾಗ ಪಕ್ಕದವು ಅಡ್ಡ ಬರದಂತೆ ಏನು ಮಾಡುತ್ತೇನೆ ಅನ್ನುವುದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅಂಟು ತೆಳ್ಳಗಿರಬೇಕು, ವ್ಯಾಕ್ಯೂಮ್ ಬ್ಯಾಗ್ ಸಾಕು, ಅಷ್ಟು ಹೇಳಬಲ್ಲೆ.

ನಡುವೆ ನೆಗೆಟಿವ್ ಕೆಪಾಸಿಟನ್ಸ್ (ಪಟ್ಟಿಯ ಕೆಪಾಸಿಟನ್ಸನ್ನು ಕಳೆಯುವ ಸರ್ಕ್ಯೂಟ್) ಕೂಡ ಸೇರಿಸಿ ನೋಡಿದೆ. ಗ್ಯಾಪ್ ಅಗಲವಾಗುವುದು ನಿಜ. ಆದರೆ ಪಟ್ಟಿಯ ಕೆಪಾಸಿಟನ್ಸಿಗೆ ತೀರಾ ಹತ್ತಿರ ಹೋದರೆ ಸರ್ಕ್ಯೂಟೇ ಹದ ತಪ್ಪಿ ಬೀಮನ್ನು ಕುಣಿಸುತ್ತದೆ. ಬೇಕಂತಲೇ ಸೆಲ್ಲುಗಳನ್ನು ಮೆಟ್ಟಿಲಾಗಿ, ಒಂದಕ್ಕಿಂತ ಇನ್ನೊಂದು ತುಸು ಬೇರೆ ಫ್ರೀಕ್ವೆನ್ಸಿಗೆ, ಟ್ಯೂನ್ ಮಾಡಿದ್ದು ನನಗೆ ಹೆಚ್ಚು ಹಿಡಿಸಿತು: ಬ್ಯಾಂಡ್ ಅಗಲವಾಗುತ್ತದೆ, ಆಳ ಕಡಿಮೆ.

'ಸ್ಮಾರ್ಟ್' ಅನ್ನಿಸಿಕೊಳ್ಳಲು ಮೈಕ್ರೋಕಂಟ್ರೋಲರ್‌ನಿಂದಲೇ ಟ್ಯೂನಿಂಗ್ ಬದಲಾಗಬೇಕು, ಅಲ್ವಾ? 5 ವೋಲ್ಟಿನ ಡಿಜಿಟಲ್ ಪಾಟ್ (ಚಿಪ್ಪಿನಿಂದ ಬದಲಾಗುವ ರೆಸಿಸ್ಟರ್) ಈ ವೋಲ್ಟೇಜಿಗೆ ತಡೆಯುವುದಿಲ್ಲ. ಎಲ್‌ಇಡಿ ಮತ್ತು ಬೆಳಕಿಗೆ ಬದಲಾಗುವ ರೆಸಿಸ್ಟರ್ ಜೋಡಿಸಿದೆ. ನಿಧಾನ, ಆದರೆ ತಡೆಯುತ್ತದೆ. ಬಿಸಿಯೇರಿದಾಗ ಪೀಜೋ ಕೆಪಾಸಿಟನ್ಸ್ ಹೆಚ್ಚಿ ಗ್ಯಾಪ್ ಕೆಳಗೆ ಜಾರುತ್ತದೆ. ಆ ಜಾರುವಿಕೆ ನಿಧಾನದ್ದೇ ಆದ್ದರಿಂದ ಇಷ್ಟು ವೇಗ ಸಾಕು.