ಕೊನೆಗೂ ಬಂತು ಆ ಮೆತ್ತನೆಯ ಬೂದು ಬಣ್ಣ

"ಪಾರ್ಕರೈಸಿಂಗ್ ಮನೆಯಲ್ಲಿ ಆಗೋ ಕೆಲಸ ಅಲ್ಲ, ಸುಮ್ನೆ ಪೇಂಟ್ ಹೊಡಿ" ಅಂದವರು ಒಬ್ಬಿಬ್ಬರಲ್ಲ. ಬಿಸಿ ಫಾಸ್ಫರಿಕ್ ಆಸಿಡ್ ದ್ರಾವಣದಲ್ಲಿ ಅದ್ದಿ ಉಕ್ಕಿಗೆ ತುಕ್ಕು ತಡೆಯುವ ಫಾಸ್ಫೇಟ್ ಪದರ ಹಿಡಿಸುವುದೇ ಪಾರ್ಕರೈಸಿಂಗ್. ಮೊನ್ನೆ ನನ್ನ ಹಳೇ ರೈಫಲ್‌ನ ಟ್ರಿಗರ್ ಗಾರ್ಡ್ ಅವರ ಕೈಗೇ ಕೊಟ್ಟೆ. ಹೊಳಪಿಲ್ಲ, ಕಪ್ಪಿಲ್ಲ, ಜರಡಿ ಹಿಡಿದ ಬೂದಿಯಂಥ ಬಣ್ಣ. ಉಗುರಲ್ಲಿ ಕೆರೆದು ನೋಡಿದರು, ಏಳಲಿಲ್ಲ.

ಇಲ್ಲಿಗೆ ಬರಲು ಹತ್ತಿರ ಹತ್ತಿರ ಒಂದೂವರೆ ವರ್ಷ ಹಿಡಿಯಿತು. ಮೊದಲು ದುಡ್ಡು ಉಳಿಸಲು ಹೋಗಿ ಕೆಟ್ಟೆ. ದ್ರಾವಣಕ್ಕೆ ಬೇಕಾದ ಮ್ಯಾಂಗನೀಸ್ ಡೈಆಕ್ಸೈಡ್ ಕೊಳ್ಳುವ ಬದಲು ಹಳೇ ಟಾರ್ಚ್ ಸೆಲ್ ಒಡೆದು ಒಳಗಿನ ಕರಿಪುಡಿ ಹಾಕಿದೆ. ಬಣ್ಣವೇನೋ ಹಿಡಿಯಿತು, ಮೂರನೇ ದಿನ ಮೂಲೆ ಮೂಲೆಯಲ್ಲೂ ಕಿತ್ತಳೆ ತುಕ್ಕು. ಸೆಲ್ಲಿನ ಉಪ್ಪೂ ಪುಡಿಯ ಜೊತೆಗೇ ಬರುತ್ತದೆ, ಅದೇ ತಿಂದಿದ್ದು. ಎರಡನೇ ಸಲ ಶುದ್ಧ ಪುಡಿ ತಂದೆ, ಆದರೆ ದ್ರಾವಣಕ್ಕೆ ಹಾಕುವ ಸ್ಟೀಲ್ ವುಲ್‌ನ (ಉಕ್ಕಿನ ಸಣ್ಣ ನಾರಿನ ಉಂಡೆ) ಎಣ್ಣೆ ತೆಗೆದಿರಲಿಲ್ಲ. ಎಣ್ಣೆ ಮೇಲೆ ತೇಲಿ, ಭಾಗವನ್ನು ಇಳಿಸುವಾಗಲೇ ಮೆತ್ತಿಕೊಂಡು ಪಟ್ಟೆ ಪಟ್ಟೆಯಾಯಿತು. ಒಂದು ಬಾಟಲಿ ಫಾಸ್ಫರಿಕ್ ಆಸಿಡ್ ದಂಡ. ಅಸಿಟೋನ್‌ನಲ್ಲಿ ಅದ್ದಿ ಹಿಂಡಿದ್ದರೆ ಸಾಕಿತ್ತು. ಒಟ್ಟು ಸುರಿದ ದುಡ್ಡಿನಲ್ಲಿ ಎರಡು ಸಲ ಹೊರಗೆ ಮಾಡಿಸಬಹುದಿತ್ತು.

ಎಲ್ಲರೂ ದ್ರಾವಣದ ಬಗ್ಗೆಯೇ ವಾದ ಮಾಡುತ್ತಾರೆ. ನನ್ನ ಕೇಳಿದರೆ ಬಣ್ಣ ಹುಟ್ಟುವುದು ಬ್ಲಾಸ್ಟಿಂಗ್‌ನಲ್ಲಿ, ಅಂದರೆ ಗಾಳಿಯ ಒತ್ತಡದಲ್ಲಿ ಗ್ರಿಟ್ (ಮರಳಿನಂಥ ಕಣ) ಹೊಡೆದು ಮೈ ಒರಟು ಮಾಡುವುದರಲ್ಲಿ. ಪಾಲಿಶ್ ಮಾಡಿದ ಕಬ್ಬಿಣದ ಮೇಲೆ ಬಣ್ಣ ಸರಿಯಾಗಿ ಕೂರುವುದೇ ಇಲ್ಲ. ದಪ್ಪ ಗ್ರಿಟ್ ಹೊಡೆದಾಗ ಮರಳು ಕಾಗದದಂತಾಯಿತು, ನಯವಾದದ್ದಕ್ಕೆ ಬಂದ ಮೇಲೆಯೇ ಆ ಮೆತ್ತನೆ ನೋಟ ಸಿಕ್ಕಿದ್ದು. ಬ್ಲಾಸ್ಟ್ ಆದ ಮೇಲೆ ಬರಿಗೈ ಸೋಕಲೇಬಾರದು. ಒಮ್ಮೆ ನನ್ನ ಹೆಬ್ಬೆಟ್ಟಿನ ಗೆರೆಗಳು ಅಚ್ಚೊತ್ತಿದ ಹಾಗೆ ಉಳಿದುಬಿಟ್ಟವು.

ದ್ರಾವಣ ಲೀಟರ್ ನೀರಿಗೆ ಹೆಚ್ಚುಕಡಿಮೆ 30 ಮಿಲಿ ಆಸಿಡ್, ಸ್ಟೀಲ್ ಪಾತ್ರೆ, 90 ಡಿಗ್ರಿ ಆಸುಪಾಸು. ಕುದಿಯಲು ಬಿಡಬೇಡಿ. ಭಾಗ ಇಳಿಸಿದ ಕೂಡಲೇ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಏಳುತ್ತವೆ, ಹತ್ತು ಹನ್ನೆರಡು ನಿಮಿಷಕ್ಕೆ ಕಮ್ಮಿಯಾಗುತ್ತವೆ. ನಾನು ಗಡಿಯಾರ ನೋಡುವುದಿಲ್ಲ, ಗುಳ್ಳೆ ನೋಡುತ್ತೇನೆ. ಮ್ಯಾಂಗನೀಸ್ ಒಂದನ್ನೇ ನಂಬಿದ್ದಾಗ ಬಣ್ಣ ಕಪ್ಪಿಗೇ ವಾಲುತ್ತಿತ್ತು, ಸತುವಿಗೆ ಬದಲಾದ ಮೇಲೆ ತಿಳಿಯಾಯಿತು. ಸತು ಎಷ್ಟು, ಯಾವಾಗ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಎರಡನೇ ಮಹಾಯುದ್ಧದ ಅಮೆರಿಕನ್ ರೈಫಲ್ ಎಂ1 ಗ್ಯಾರಂಡ್‌ಗಳಲ್ಲಿ ಕಾಣುವ ಹಸಿರು ಛಾಯೆಗೂ ಕೈಹಾಕಿದೆ. ಗ್ರೀಸ್ ಹೀರಿ ಹಾಗಾಗುತ್ತದೆ ಅನ್ನುತ್ತಾರಲ್ಲ, ಒಂದು ಪ್ಲೇಟಿಗೆ ದಪ್ಪಗೆ ಬಳಿದು ಎರಡು ತಿಂಗಳು ಬಿಸಿಲಿಗಿಟ್ಟೆ. ಬೂದು ಬೂದಾಗಿಯೇ ಇದೆ. ತೆಳು ಎಣ್ಣೆ ಕುಡಿಸಿದ ಇನ್ನೊಂದು ಪ್ಲೇಟೇ ಚೆನ್ನಾಗಿ ಕಾಣುತ್ತಿದೆ.

ಬ್ಯಾರೆಲ್ ಇನ್ನೂ ಮುಟ್ಟಿಲ್ಲ. ಎರಡೂ ತುದಿಗೆ ರಬ್ಬರ್ ಬಿರಡೆ ತಯಾರಿದೆ, ಅಷ್ಟುದ್ದದ ಸ್ಟೀಲ್ ತೊಟ್ಟಿಯ ವೆಲ್ಡಿಂಗ್ ಅರ್ಧಕ್ಕೆ ಬಂದಿದೆ.