ಮೊದಲು ಹೊಳೆ, ಆಮೇಲೆ ಜಿಂಕೆ: ವಿಸ್ಕಾನ್ಸಿನ್ ನದಿಯ ಬಯಲಲ್ಲಿ ನನ್ನ ಬಿಲ್ಲುಬೇಟೆ

ಮೂರು ವರ್ಷದ ಹಿಂದಿನ ಮಾತು. ನವೆಂಬರ್ ಮೊದಲ ವಾರ, ಬೆಳಗಿನ ಜಾವ ಐದು ಗಂಟೆ. ಬೆನ್ನ ಮೇಲೆ ಮರಕ್ಕೆ ಕಟ್ಟಿ ಕೂರುವ ಅಟ್ಟಣೆ, ಕೈಯಲ್ಲಿ ಬಿಲ್ಲು. ತಲೆಗೆ ದೀಪ ಕಟ್ಟಿಕೊಂಡು ಕಾಡಿನೊಳಗೆ ಅರ್ಧ ಮೈಲಿ ನಡೆದಿದ್ದೆ. ಮುಂದೆ ಕಾಲುದಾರಿ ಇರಬೇಕಿತ್ತು. ನೀರಿತ್ತು. ಎರಡು ವಾರದ ಹಿಂದೆ ಅದೇ ಜಾಗವನ್ನು ಬೂಟು ಒದ್ದೆಯಾಗದೆ ದಾಟಿದ್ದೆ. ಈಗ ಕಪ್ಪು ನೀರು ಮರಗಳ ನಡುವೆ ಸದ್ದಿಲ್ಲದೆ ಹರಿಯುತ್ತಿತ್ತು. ನಾನಿದ್ದ ಕಡೆ ವಾರದಿಂದ ಒಂದು ಹನಿ ಮಳೆಯಿಲ್ಲ. ಮಳೆ ಹೊಡೆದದ್ದು ದೂರದ ಉತ್ತರದಲ್ಲಿ.

ನಾನು ಕುಂದಾಪುರದ ಕಡೆಯವನು. ಹೊಳೆಬದಿಯ ಮನೆ. ಘಟ್ಟದ ಮೇಲೆ ಮಳೆಯಾದರೆ ಹೊಳೆ ನಡುವಿನ ನಮ್ಮ ಕುದ್ರುಗಳಿಗೆ ನೀರು ಏರುವುದನ್ನು ನೋಡಿಯೇ ಬೆಳೆದವನು. ಆದರೂ ಆ ವರ್ಷ ತಿಂಗಳುಗಟ್ಟಲೆ ಜಿಂಕೆಯ ಬಗ್ಗೆ ಮಾತ್ರ ಯೋಚಿಸಿದ್ದೆ. ನಾಲ್ಕು ದಿನದ ರಜೆ ಹಾಗೇ ಹೋಯಿತು. ಅವತ್ತಿನಿಂದ ನಾನು ಯೋಜನೆ ಮಾಡುವ ಕ್ರಮವೇ ಬದಲಾಯಿತು. ಮೊದಲು ನೀರು ನೋಡುತ್ತೇನೆ. ಆಮೇಲೆ ಒಳಗೆ ಹೋಗುವ ದಾರಿ, ಹೊರಗೆ ಬರುವ ದಾರಿ. ಜಿಂಕೆಯ ವಿಚಾರ ಕೊನೆಗೆ.

ಜಾಗದ ಬಗ್ಗೆ ಹೇಳಿಬಿಡುತ್ತೇನೆ. ನಾನು ಇರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು ಒಂದೂವರೆ ಗಂಟೆ ಕಾರು ಓಡಿಸಿದರೆ ಮುಸ್ಕೋಡಾ, ಬಾಸ್ಕೋಬೆಲ್ ಎಂಬ ಸಣ್ಣ ಊರುಗಳು ಸಿಗುತ್ತವೆ. ಪಕ್ಕದಲ್ಲೇ ವಿಸ್ಕಾನ್ಸಿನ್ ನದಿ. ಪ್ರೈರಿ ಡು ಸ್ಯಾಕ್‌ನ ಅಣೆಕಟ್ಟು ದಾಟಿದ ಮೇಲೆ ಮಿಸಿಸಿಪ್ಪಿ ಸೇರುವ ತನಕ 92 ಮೈಲಿ ಈ ಹೊಳೆಗೆ ಒಂದೂ ಅಡ್ಡಗಟ್ಟೆಯಿಲ್ಲ. ಈ ಭಾಗವನ್ನು 1989ರಲ್ಲಿ ಲೋವರ್ ವಿಸ್ಕಾನ್ಸಿನ್ ಸ್ಟೇಟ್ ರಿವರ್‌ವೇ ಎಂದು ಕಾನೂನು ಮಾಡಿ ಉಳಿಸಿಕೊಂಡರು. ಗಡಿಯೊಳಗಿನ ಜಮೀನಿನಲ್ಲಿ ಹೆಚ್ಚುಕಡಿಮೆ ಅರ್ಧ ಸರ್ಕಾರದ್ದು. ಅಲ್ಲಿ ಯಾರು ಬೇಕಾದರೂ ಲೈಸೆನ್ಸ್ ಪಡೆದು ಬೇಟೆಯಾಡಬಹುದು. ಮರಳದಿಬ್ಬ, ನಡುಗಡ್ಡೆ, ಹೊಳೆ ದಿಕ್ಕು ಬದಲಿಸಿದಾಗ ಹಿಂದೆ ಉಳಿದ ಹಳೆಯ ಪಾತ್ರಗಳು, ಸಿಲ್ವರ್ ಮೇಪಲ್ ಮರಗಳ ಕಾಡು. ಇದೇ ಹೊಳೆಯ ಬಯಲು. ವಿಸ್ಕಾನ್ಸಿನ್‌ನಲ್ಲಿ ಬಿಲ್ಲುಬೇಟೆಗೆಂದೇ ಜಿಂಕೆ ಸೀಸನ್ ಮೊದಲು ತೆರೆದದ್ದು 1934ರಲ್ಲಿ, ಕೊಲಂಬಿಯಾ ಮತ್ತು ಸಾಕ್ ಕೌಂಟಿಗಳಲ್ಲಿ. ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ. ಆ ಸಾಕ್ ಕೌಂಟಿ ಈ ಹೊಳೆಯ ದಂಡೆಯಲ್ಲೇ ಇದೆ.

ಊರಿನವರು ಮೊದಲು ಕೇಳುವ ಪ್ರಶ್ನೆ ಒಂದೇ. ಇದು ಅಪರಾಧ ಅಲ್ವಾ? ಭಾರತದಲ್ಲಿ ಹೌದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಅದು ಇರಲೇಬೇಕು. ಇಲ್ಲಿನ ಸ್ಥಿತಿ ಬೇರೆ. ಈ ರಾಜ್ಯದಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಬಿಳಿಬಾಲದ ಜಿಂಕೆಗಳಿವೆ. ದಕ್ಷಿಣ ಭಾಗದಲ್ಲಿ ತೋಳ ತೀರಾ ಅಪರೂಪ. ಎಷ್ಟು ಜಿಂಕೆ ತೆಗೆಯಬಹುದು ಎಂದು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯವರು ಪ್ರತಿವರ್ಷ ಈ ಕಡೆ ಕೌಂಟಿಗೊಂದು ಲೆಕ್ಕ ಹಾಕುತ್ತಾರೆ. 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆಯ ಸುರಕ್ಷತಾ ತರಗತಿ ಮುಗಿಸದೆ ಲೈಸೆನ್ಸ್ ಕೊಳ್ಳುವಂತಿಲ್ಲ. ನಾನೂ ಮುಗಿಸಿದೆ.

ಹೊಳೆಬಯಲಲ್ಲಿ ಲೈಸೆನ್ಸಿನದ್ದೇ ಒಂದು ತೊಡಕಿದೆ. ಹೆಣ್ಣು ಜಿಂಕೆ ಹೊಡೆಯಲು ಸಿಗುವ ಪರವಾನಗಿ ಆಯಾ ಕೌಂಟಿಗೆ ಮಾತ್ರ. ಅದರಲ್ಲೂ ಸಾರ್ವಜನಿಕ ಜಮೀನಿಗೆ ಬೇರೆ, ಖಾಸಗಿ ಜಮೀನಿಗೆ ಬೇರೆ. ಇಲ್ಲಿ ಕೌಂಟಿಗಳ ಗಡಿಯೇ ಹೊಳೆ. ಬಾಸ್ಕೋಬೆಲ್ ಹತ್ತಿರ ದಕ್ಷಿಣ ದಂಡೆ ಗ್ರಾಂಟ್ ಕೌಂಟಿ, ಉತ್ತರ ದಂಡೆ ಕ್ರಾಫರ್ಡ್. ದೋಣಿಯಲ್ಲಿ ಐದು ನಿಮಿಷ ಆಚೆ ಹೋದರೆ ಕಿಸೆಯಲ್ಲಿರುವ ಪರವಾನಗಿಗೆ ಬೆಲೆಯಿಲ್ಲ. ನಡುಗಡ್ಡೆಗಳ ವಿಷಯದಲ್ಲಂತೂ ಯಾವುದು ಯಾವ ಕಡೆಗೆ ಸೇರಿದ್ದು ಎಂದು ನಕ್ಷೆಯಲ್ಲಿ ನೋಡಿಯೇ ತೀರ್ಮಾನಿಸಬೇಕು. ಸುಮ್ನೆ ಅಂದಾಜಿನ ಮೇಲೆ ಹೋಗಬೇಡಿ.

ಈಗ ನೀರಿನ ಲೆಕ್ಕ. ಮುಸ್ಕೋಡಾದಲ್ಲಿ ಅಮೆರಿಕದ ಭೂವಿಜ್ಞಾನ ಸಮೀಕ್ಷೆಯವರ ಅಳತೆ ಕೇಂದ್ರವಿದೆ. ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಹೋಗುತ್ತಿದೆ ಎಂದು ಫೋನಿನಲ್ಲೇ ನೋಡಬಹುದು. ಸೆಕೆಂಡಿಗೆ ಘನ ಅಡಿ ಎಂದರೆ ನಮ್ಮ ಕ್ಯೂಸೆಕ್. ಕೆಆರ್‌ಎಸ್‌ನಿಂದ ಇಷ್ಟು ಸಾವಿರ ಕ್ಯೂಸೆಕ್ ಬಿಟ್ಟರು ಎಂದು ಕೇಳುತ್ತಾ ಬಂದ ಕನ್ನಡಿಗರಿಗೆ ಈ ಲೆಕ್ಕ ಹೊಸದಲ್ಲ. ನಾನು ಮಾಡಿದ ಕೆಲಸ ಸರಳ. ಬೇಸಿಗೆಯಿಂದ ಅಕ್ಟೋಬರ್ ತನಕ ಹೋದಾಗಲೆಲ್ಲ ಅವತ್ತಿನ ಕ್ಯೂಸೆಕ್ ಬರೆದುಕೊಂಡೆ. ಪಕ್ಕದಲ್ಲಿ ಕಣ್ಣಿಗೆ ಕಂಡದ್ದನ್ನು ಬರೆದೆ. 5 ಸಾವಿರ: ಕಾಲುದಾರಿ ಒಣ, ಮರಳದಿಬ್ಬಗಳೆಲ್ಲ ಮೇಲೆ. 9 ಸಾವಿರ: ಮೊದಲ ಹಳ್ಳದಲ್ಲಿ ಮೊಣಕಾಲುದ್ದ. 14 ಸಾವಿರ: ನಡೆದು ಹೋಗುವುದು ಬೇಡ, ಮರಗಳ ನಡುವೆಯೇ ಕನೂ (ಹುಟ್ಟು ಹಾಕುವ ಸಣ್ಣ ದೋಣಿ) ತೇಲುತ್ತದೆ. ಇವು ನನ್ನ ಜಾಗದ ಸಂಖ್ಯೆಗಳು. ನಿಮ್ಮ ಜಾಗದ್ದು ನೀವೇ ಬರೆದುಕೊಳ್ಳಬೇಕು. ಪ್ರೈರಿ ಡು ಸ್ಯಾಕ್‌ನಲ್ಲಿ ಜಾಸ್ತಿ ನೀರು ಬಿಟ್ಟರೆ ಮುಸ್ಕೋಡಾಕ್ಕೆ ಅದು ಮುಟ್ಟಲು ಹೆಚ್ಚುಕಡಿಮೆ ಒಂದು ದಿನ ಬೇಕು ಎಂಬುದನ್ನೂ ಗಮನಿಸಿದೆ. ಹಾಗಾಗಿ ನಾಳೆಯ ಹೊಳೆಯನ್ನು ಇವತ್ತೇ ನೋಡಬಹುದು.

ನೀರು ಏರಿದರೆ ಬೇಟೆ ಕೆಟ್ಟಿತು ಎಂದೇನೂ ಅಲ್ಲ. ಜಿಂಕೆಗಳು ಒಣನೆಲಕ್ಕೆ ಸರಿಯುತ್ತವೆ. ಬಯಲು ನೋಡಲು ಚಪ್ಪಟೆ. ಆದರೆ ಹಳೆಯ ಹೊಳೆ ಬಿಟ್ಟುಹೋದ ಮರಳಿನ ಏರುಗಳು ಅಲ್ಲಲ್ಲಿ ಉದ್ದಕ್ಕೆ ಮಲಗಿವೆ. ಸುತ್ತಲಿಗಿಂತ ಮೂರು ನಾಲ್ಕು ಅಡಿ ಎತ್ತರ ಅಷ್ಟೆ. ಮಾಮೂಲಿ ಉಪಗ್ರಹ ಚಿತ್ರದಲ್ಲಿ ಇವು ಕಾಣುವುದಿಲ್ಲ. ಲೇಸರ್ ಕಿರಣದಿಂದ ನೆಲದ ಏರಿಳಿತ ಅಳೆದು ಮಾಡಿದ ಲೈಡಾರ್ ನಕ್ಷೆಯಲ್ಲಿ ಅಂಗೈ ಗೆರೆಗಳ ಹಾಗೆ ಕಾಣುತ್ತವೆ. ಅಂಥ ಏರುಗಳ ಮೇಲೆಯೇ ಓಕ್ ಮರಗಳು ಬೆಳೆದಿರುತ್ತವೆ. ಓಕ್ ಕಾಯಿ ಜಿಂಕೆಗೆ ಪಂಚಪ್ರಾಣ. ಒಣನೆಲ, ಕಾಯಿ, ಮಲಗಲು ಮರೆ, ಮೂರೂ ಒಂದೇ ಕಡೆ.

ನಕ್ಷೆಯಲ್ಲಿ ಆರು ಜಾಗ ಗುರುತು ಮಾಡಿಕೊಂಡು ಮಾರ್ಚ್‌ನಲ್ಲಿ ನಡೆದು ನೋಡಿದೆ. ಹಿಮ ಕರಗಿರುತ್ತದೆ, ಎಲೆ ಚಿಗುರಿರುವುದಿಲ್ಲ. ಹೋದ ಶರತ್ಕಾಲದ ಗುರುತುಗಳು ಹಾಗೇ ಉಳಿದಿರುತ್ತವೆ. ಬೇಸಿಗೆಯಲ್ಲಾದರೆ ಎದೆಮಟ್ಟದ ತುರಿಕೆ ಗಿಡ ಮತ್ತು ಸೊಳ್ಳೆ. ಒಂದು ಏರಿನ ತುದಿಯಲ್ಲಿ ನಿಂತಾಗ ಮೇಪಲ್ ಕಾಂಡಗಳ ಮೇಲೆ ಬೂದುಬಣ್ಣದ ಗೆರೆ ಕಂಡಿತು. ಎಲ್ಲ ಮರಗಳ ಮೇಲೂ ಒಂದೇ ಮಟ್ಟ, ದಾರ ಹಿಡಿದು ಎಳೆದ ಹಾಗೆ. ನೆರೆ ಇಳಿದಾಗ ಅಂಟಿಕೊಂಡ ಮೆಕ್ಕಲು ಮಣ್ಣು. ಕೈಯಿಟ್ಟು ಉಜ್ಜಿದೆ, ಹಿಟ್ಟಿನಂತೆ ಉದುರಿತು. ನನ್ನ ಸೊಂಟದ ಮಟ್ಟಕ್ಕಿತ್ತು. ಏರಿನ ಮೇಲಿನ ಓಕ್ ಮರಗಳಲ್ಲಿ ಆ ಗೆರೆ ಇರಲಿಲ್ಲ. ಬುಡದಲ್ಲಿ ಹಿಕ್ಕೆ ರಾಶಿಯಿತ್ತು. ಎಳೆಯ ಮರವೊಂದರ ತೊಗಟೆಯನ್ನು ಗಂಡು ಜಿಂಕೆ ಕೊಂಬಿನಿಂದ ಉಜ್ಜಿ ಉಜ್ಜಿ ಸುಲಿದಿತ್ತು. ಆರರಲ್ಲಿ ನಾನು ಉಳಿಸಿಕೊಂಡ ಎರಡರಲ್ಲಿ ಇದು ಮೊದಲನೆಯದು.

ದಿನಾಂಕಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಬಿಲ್ಲಿನ ಸೀಸನ್ ಸೆಪ್ಟೆಂಬರ್ ಮಧ್ಯದಿಂದ ಜನವರಿಯವರೆಗೆ ಇರುತ್ತದೆ. ನವೆಂಬರ್ ಮೊದಲರ್ಧದಲ್ಲಿ ಜಿಂಕೆಗಳಿಗೆ ಬೆದೆಯ ಕಾಲ, ಹಗಲಲ್ಲೂ ಓಡಾಡುತ್ತವೆ. ನವೆಂಬರ್ ನಾಲ್ಕನೇ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಒಂಬತ್ತು ದಿನದ ಬಂದೂಕು ಸೀಸನ್ ಶುರು. ಅದಕ್ಕೂ ಮೊದಲು, ವಾರದ ನಡುವಿನ ನಾಲ್ಕು ದಿನ ರಜೆ ಹಾಕಿದೆ. ವಾರಾಂತ್ಯದಲ್ಲಿ ದೋಣಿ ಇಳಿಸುವ ಜಾಗವೆಲ್ಲ ಬಾತುಕೋಳಿ ಬೇಟೆಗಾರರಿಂದ ತುಂಬಿರುತ್ತದೆ. ಅವರಿಗೂ ಅಷ್ಟೇ ಹಕ್ಕಿದೆ. ಯಾರಾದರೂ ಮೊದಲೇ ಕೂತಿದ್ದರೆ ಸದ್ದಿಲ್ಲದೆ ಎರಡನೇ ಜಾಗಕ್ಕೆ ಹೋಗುತ್ತೇನೆ. ಅದಕ್ಕೇ ಎರಡನೇ ಜಾಗ.

ಹೊಳೆಯ ಬಗ್ಗೆ ನನ್ನ ಕಣ್ಣು ತೆರೆಸಿದವರು ಜೊತೆಗೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು. ನಲವತ್ತು ವರ್ಷ ಇಲ್ಲಿ ಬೇಟೆಯಾಡಿದವರು. ಕನೂ ಕೊಟ್ಟವರೂ ಅವರೇ. "ದಾಟುವುದನ್ನು ಹಗಲಲ್ಲಿ ಮೂರು ಸಲ ಮಾಡು. ಆಮೇಲೆ ಕತ್ತಲಲ್ಲಿ ಮಾಡು" ಎಂದರು. ಈ ಹೊಳೆಯ ತಳ ಪೂರ್ತಿ ಮರಳು. ಮರಳದಿಬ್ಬದ ಮೇಲೆ ಪಾದ ಮುಳುಗುವಷ್ಟೇ ನೀರು ಇರುತ್ತದೆ. ದಿಬ್ಬದ ಕೆಳತುದಿಗೆ ಬಂದರೆ ಒಂದೇ ಹೆಜ್ಜೆಗೆ ತಳ ಸಿಗುವುದಿಲ್ಲ. ಹಗಲಲ್ಲಿ ನಿಂತು ಹುಟ್ಟಿನಿಂದ ಚುಚ್ಚಿ ನೋಡಿದೆ. ಇತ್ತ ಮೊಣಕಾಲುದ್ದ, ಅತ್ತ ಇಡೀ ಹುಟ್ಟು ಮುಳುಗಿತು. ನವೆಂಬರ್ ನೀರಿನಲ್ಲಿ ದಪ್ಪ ಬಟ್ಟೆ ತೊಟ್ಟು ಬಿದ್ದರೆ ಈಜು ಬಂದರೂ ಪ್ರಯೋಜನವಿಲ್ಲ. ಲೈಫ್ ಜಾಕೆಟ್ ದೋಣಿಯಲ್ಲಿ ಇಟ್ಟರೆ ಸಾಲದು, ಮೈಮೇಲೆ ಇರಬೇಕು. ಒಂದು ಜೊತೆ ಒಣಬಟ್ಟೆಯನ್ನು ನೀರು ಹೋಗದ ಚೀಲದಲ್ಲಿ ಕಟ್ಟಿಡುತ್ತೇನೆ. ಫೋನಿನಲ್ಲಿ ಅಮ್ಮ ಹೇಳುವುದೂ ಇದನ್ನೇ: "ಹೊಳೆ ಹತ್ರ ಧೈರ್ಯ ತೋರಿಸ್ಬೇಡ ಮಗಾ."

ಇನ್ನು ಅಟ್ಟಣೆ. ರಾಜ್ಯದ ಈ ದಕ್ಷಿಣ ಭಾಗದ ಸರ್ಕಾರಿ ಜಮೀನಿನಲ್ಲಿ ಅಟ್ಟಣೆಯನ್ನು ರಾತ್ರಿ ಮರದಲ್ಲೇ ಬಿಡುವಂತಿಲ್ಲ. ದಿನಾ ಕಟ್ಟಬೇಕು, ದಿನಾ ಬಿಚ್ಚಬೇಕು. ಮೊದಲ ವರ್ಷದ ಕಬ್ಬಿಣದ ಅಟ್ಟಣೆಯಿಂದ ಬೆನ್ನು ಸೋತಿತು. ಈಗ ಸ್ಯಾಡಲ್ ಬಳಸುತ್ತೇನೆ. ಸೊಂಟಕ್ಕೆ ಕಟ್ಟುವ ಬಟ್ಟೆಯ ಪಟ್ಟಿ, ಅದರಲ್ಲೇ ಮರಕ್ಕೆ ಒರಗಿ ಕೂರುವುದು. ಊರಲ್ಲಿ ತೆಂಗಿನ ಮರ ಹತ್ತುವವರ ಹಗ್ಗದ ಬಿಗಿತ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನೆಲದಿಂದ ಕಾಲು ಎತ್ತಿದ ಕ್ಷಣದಿಂದ ಇಳಿಯುವ ತನಕ ಹಗ್ಗ ಮರಕ್ಕೆ ಕಟ್ಟಿರಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಗಾಳಿ ನೋಡಲು ಮಿಲ್ಕ್‌ವೀಡ್ ಕಾಯಿ ಒಂದನ್ನು ಕಿಸೆಯಲ್ಲಿಟ್ಟುಕೊಳ್ಳುತ್ತೇನೆ. ನಮ್ಮ ಎಕ್ಕದ ಗಿಡದ ಬಳಗದ್ದೇ. ಅದೇ ರೇಷ್ಮೆಯಂಥ ಹತ್ತಿ, ತುದಿಯಲ್ಲಿ ಬೀಜ. ಒಂದೆಳೆ ಬಿಟ್ಟರೆ ಅದು ತೇಲಿ ಹೋಗುವ ದಾರಿಯೇ ನನ್ನ ಮೈವಾಸನೆ ಹೋಗುವ ದಾರಿ. ಹೊಳೆಬಯಲಲ್ಲಿ ಸಂಜೆ ಗಾಳಿ ನಿಂತ ಮೇಲೂ ತಣ್ಣನೆ ಗಾಳಿ ಗುಡ್ಡದಿಂದ ನೀರಿನ ಕಡೆಗೆ ಜಾರುತ್ತದೆ. ಹವಾಮಾನ ವರದಿ ಇದನ್ನು ಹೇಳುವುದಿಲ್ಲ, ಹತ್ತಿ ಹೇಳುತ್ತದೆ.

ಬಿಲ್ಲಿನ ಬಗ್ಗೆ ಒಂದೇ ಮಾತು. ಇಡೀ ಬೇಸಿಗೆ ಹಿತ್ತಲಲ್ಲಿ ಅಭ್ಯಾಸ ಮಾಡಿ ನನ್ನ ಮಿತಿ 20 ಗಜ ಎಂದು ನಿಗದಿ ಮಾಡಿಕೊಂಡೆ. ಗುರಿಹಲಗೆಗೆ 40 ಗಜದಿಂದಲೂ ಹೊಡೆಯುತ್ತೇನೆ. ಆದರೆ ಗುರಿಹಲಗೆಗೆ ನೋವಾಗುವುದಿಲ್ಲ.

ಕಳೆದ ನವೆಂಬರ್‌ನಲ್ಲಿ ರಜೆಯ ಮೂರನೇ ದಿನ ಮುಸ್ಕೋಡಾದಲ್ಲಿ 9 ಸಾವಿರ ಚಿಲ್ಲರೆ ಕ್ಯೂಸೆಕ್ ಇತ್ತು. ನಡೆದು ಹೋಗುವವರಿಗೆ ಮೊಣಕಾಲು ನೀರು. ಹಾಗಾಗಿ ಯಾರೂ ಬಂದಿರಲಿಲ್ಲ. ಕನೂದಲ್ಲಿ ಹಿಂದಿನಿಂದ ಬಂದು ಓಕ್ ಏರಿನ ಮೇಲೆ ಹತ್ತಿ ಕೂತೆ. ಮೊದಲು ದೊಡ್ಡ ಕೊಂಬಿನ ಗಂಡು ಬಂತು. 32 ಗಜದಲ್ಲಿ ನಿಂತು, ಮೂಗೆತ್ತಿ, ಹೋಯಿತು. ನಾನು ಬಿಲ್ಲು ಎಳೆಯಲಿಲ್ಲ. ಒಂಬತ್ತು ಗಂಟೆಗೆ ಹೆಣ್ಣು ಜಿಂಕೆಯೊಂದು ಒಂಟಿಯಾಗಿ ಕಾಯಿ ಹುಡುಕುತ್ತಾ ಬಂತು. 16 ಗಜ, ಪಕ್ಕ ತೋರಿಸಿ ನಿಂತಿತು. ಬಾಣ ಬಿಟ್ಟೆ.

ಆಮೇಲೆ ಅರ್ಧ ಗಂಟೆ ಮರದಲ್ಲೇ ಕೂತೆ. ಕೈ ನಡುಗುತ್ತಿತ್ತು. ಇಳಿದು ಬಾಣ ನೋಡಿದೆ. ರಕ್ತ ನಸುಗೆಂಪು, ಸಣ್ಣ ನೊರೆ. ಶ್ವಾಸಕೋಶಕ್ಕೆ ತಗುಲಿದೆ ಎಂದು ಅರ್ಥ. ಗಾಯಗೊಂಡ ಜಿಂಕೆ ಹೊಳೆಗೆ ಇಳಿದರೆ ಜಾಡು ನೀರಲ್ಲೇ ಮುಗಿಯುತ್ತದೆ. ಮರ ಆರಿಸುವಾಗಲೇ ಇದನ್ನು ಯೋಚಿಸಿದ್ದೆ. ದೊಡ್ಡ ನೀರಿನಿಂದ ನೂರೈವತ್ತು ಗಜವಾದರೂ ಒಳಗಿರಬೇಕು ಎಂದು. ಅದು ಎಪ್ಪತ್ತು ಗಜ ಓಡಿ ಒಣಹುಲ್ಲಿನಲ್ಲಿ ಬಿದ್ದಿತ್ತು. ಪಕ್ಕದಲ್ಲಿ ಕೂತು ಕುತ್ತಿಗೆಯ ಮೇಲೆ ಕೈಯಿಟ್ಟೆ. ಇನ್ನೂ ಬೆಚ್ಚಗಿತ್ತು. ಸ್ವಲ್ಪ ಹೊತ್ತು ಏನೂ ಮಾಡಲಿಲ್ಲ.

ಅಲ್ಲೇ ಕರುಳು ತೆಗೆದು, ಪ್ಲಾಸ್ಟಿಕ್ ಜಾರುಹಲಗೆಯ ಮೇಲೆ ಕನೂ ತನಕ ಎಳೆದೆ. ಹೊರಗೆ ಬರುವ ದಾರಿಯನ್ನು ಮೊದಲೇ ಯೋಚಿಸಿದ್ದಕ್ಕೆ ಇನ್ನೂರು ಗಜದಲ್ಲಿ ಮುಗಿಯಿತು. ನಡೆದು ಬಂದಿದ್ದರೆ ಕೆಸರಿನಲ್ಲಿ ಅರ್ಧ ಮೈಲಿ. ಮರುದಿನ ಸಂಜೆ ಐದರೊಳಗೆ ನೋಂದಣಿ ಮಾಡಬೇಕು ಎಂಬುದು ನಿಯಮ. ಕಾರಿನ ಹತ್ತಿರ ಬಂದೊಡನೆ ಫೋನಿನಲ್ಲಿ ಮಾಡಿದೆ.

ಒಂದು ಕೆಲಸವನ್ನು ದಯವಿಟ್ಟು ಬಿಡಬೇಡಿ. ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಮೆದುಳಿನ ರೋಗ ಈ ರಾಜ್ಯದ ಜಿಂಕೆಗಳಲ್ಲಿ ಪತ್ತೆಯಾದದ್ದು 2002ರಲ್ಲಿ, ಈ ಹೊಳೆಯಿಂದ ಹೆಚ್ಚು ದೂರವಲ್ಲದ ಕಡೆಯಲ್ಲೇ. ಮನುಷ್ಯರಿಗೆ ಬಂದ ದಾಖಲೆಯಿಲ್ಲ. ಆದರೂ ರೋಗವಿರುವ ಜಿಂಕೆಯ ಮಾಂಸ ತಿನ್ನಬೇಡಿ ಎಂದೇ ಆರೋಗ್ಯ ಇಲಾಖೆಯವರ ಸಲಹೆ. ಪರೀಕ್ಷೆಗೆ ದುಡ್ಡಿಲ್ಲ. ತಲೆಯನ್ನು ಸುಮಾರು ಐದು ಇಂಚು ಕುತ್ತಿಗೆಯ ಸಮೇತ ಕತ್ತರಿಸಿ, ಇಲಾಖೆ ಇಟ್ಟಿರುವ ಪೆಟ್ಟಿಗೆಯಲ್ಲಿ ಚೀಟಿ ಕಟ್ಟಿ ಹಾಕಿದೆ. ಬೆನ್ನುಮೂಳೆ ಕತ್ತರಿಸದೆ ಮಾಂಸವನ್ನಷ್ಟೇ ಬಿಡಿಸಿ, ದಿನಾಂಕ ಬರೆದು ಫ್ರೀಜರ್‌ನಲ್ಲಿಟ್ಟೆ. ಹನ್ನೊಂದನೇ ದಿನ ಫಲಿತಾಂಶ ಬಂತು: ರೋಗ ಪತ್ತೆಯಾಗಿಲ್ಲ.

ಒಂದು ಹಿಂಗಾಲು ಕನೂ ಕೊಟ್ಟ ಹಿರಿಯರ ಮನೆಗೆ ಹೋಯಿತು. ಉಳಿದದ್ದರಲ್ಲಿ ಮೊದಲ ಸಲ ನನ್ನ ಹೆಂಡತಿ ಸುಕ್ಕ ಮಾಡಿದಳು. ಈ ಮಾಂಸದಲ್ಲಿ ಕೊಬ್ಬು ಇಲ್ಲವೇ ಇಲ್ಲ, ಕುರಿಮಾಂಸದ ಹಾಗೆ ಮಾಡಿದರೆ ಚರ್ಮದಂತೆ ಬಿಗಿಯುತ್ತದೆ. ಹಿಂದಿನ ರಾತ್ರಿ ಮೊಸರಲ್ಲಿ ನೆನೆಸಿಡಿ. ತೆಂಗಿನೆಣ್ಣೆ ಸ್ವಲ್ಪ ಜಾಸ್ತಿ ಹಾಕಿ, ಸಣ್ಣ ಉರಿಯಲ್ಲಿ ಬೇಯಿಸಿ, ಕಾಯಿತುರಿ ಮಸಾಲೆಯನ್ನು ಕೊನೆಗೆ ಹಾಕಿ.