ಅಟ್ಟದ ಮೇಲಿನ ಹಳೇ ಮೇಜಿಗೆ ಹೊಸ ಬಣ್ಣ ಹೊಡೆಯುವುದು ಹೇಗೆ?

ಮಳೆಗಾಲದಲ್ಲಿ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ಎಂಟು ಗಂಟೆಯಲ್ಲಿ ಒಣಗುತ್ತದೆ ಅಂತ ಡಬ್ಬದ ಮೇಲೆ ಬರೆದಿರಬಹುದು, ಆದರೆ ಆ ಲೆಕ್ಕ ಜುಲೈ ತಿಂಗಳಲ್ಲಿ ನಮ್ಮ ಮಲೆನಾಡಿನ ತೀರ್ಥಹಳ್ಳಿಗೋ ಹೊಸನಗರಕ್ಕೋ ಹೊಂದುವುದಿಲ್ಲ. ಆಗ ಮರ ತೇವ ಕುಡಿದು ಉಬ್ಬಿರುತ್ತದೆ. ಅದರ ಮೇಲೆ ಬಣ್ಣ ಬಳಿದರೆ ಬೇಸಿಗೆಯಲ್ಲಿ ಗುಳ್ಳೆ ಎದ್ದು ಸಿಪ್ಪೆ ಸುಲಿಯುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ.

ಮೊದಲು ಮರ ಯಾವುದು ನೋಡಿ. ಮೇಜನ್ನು ಮಗುಚಿ ಹಾಕಿ, ಅಡಿಭಾಗದಲ್ಲಿ ಕಾಣದ ಜಾಗವನ್ನು ಉಪ್ಪು ಕಾಗದದಿಂದ ಒಂದಿಷ್ಟು ಉಜ್ಜಿ. ಕಪ್ಪು ಗೆರೆಗಳಿರುವ ನೇರಳೆ ಮಿಶ್ರಿತ ಕಂದು ಬಂದರೆ ಅದು ಬೀಟೆ ಇರಬಹುದು, ಅದಕ್ಕೆ ಬಣ್ಣ ಹಚ್ಚುವುದು ಪಾಪ, ಪಾಲಿಶ್ ಮಾಡಿಸಿ. ಹಳದಿ ಛಾಯೆ ಕಂಡರೆ ಹಲಸಿರಬಹುದು. ಹಲಸು ಅಥವಾ ಕಾಡು ಮರವಾದರೆ ಧೈರ್ಯವಾಗಿ ಬಣ್ಣ ಹೊಡೆಯಿರಿ. ಹಾಗೆ ನೋಡುವಾಗಲೇ ಕಾಲುಗಳನ್ನು ತಟ್ಟಿ. ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರಿದರೆ ಒಳಗೆ ಹುಳ ಇದೆ. ಅದಕ್ಕೆ ಹಾರ್ಡ್‌ವೇರ್ ಅಂಗಡಿಯಲ್ಲಿ ಔಷಧಿ ಸಿಗುತ್ತದೆ, ಕೈಗವಸು ಹಾಕಿಕೊಂಡು ಸಿರಿಂಜಿನಿಂದ ತೂತಿಗೆ ಬಿಡಿ. ಹುಳ ಸಾಯದೆ ಬಣ್ಣ ಹಚ್ಚಿ ಪ್ರಯೋಜನವಿಲ್ಲ.

ಇನ್ನು ತೊಳೆಯುವುದು. ನಮ್ಮ ಕಡೆ ಹಳೇ ಸಾಮಾನುಗಳ ಮೇಲೆ ಒಲೆಯ ಹೊಗೆ, ಜಿಡ್ಡು, ಬೂಷ್ಟು ಎಲ್ಲ ಪದರ ಪದರವಾಗಿ ಕೂತಿರುತ್ತದೆ. ಜಿಡ್ಡಿನ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ. ಬಿಸಿ ನೀರಿಗೆ ಸೋಪಿನ ಪುಡಿ, ಚೂರು ವಾಷಿಂಗ್ ಸೋಡಾ ಹಾಕಿ ಬಟ್ಟೆ ಅದ್ದಿ ಹಿಂಡಿ ಒರೆಸಿ, ಆಮೇಲೆ ಬರೀ ನೀರಿನಲ್ಲಿ ಒರೆಸಿ. ಕೆತ್ತನೆ ಇದ್ದರೆ ಹಳೇ ಟೂತ್‌ಬ್ರಷ್ ಬಳಸಿ. ಗಾಳಿ ಬರುವ ಜಗಲಿಯಲ್ಲಿ ಎರಡು ಮೂರು ದಿನ ಬಿಡಿ. ಬೇಗ ಒಣಗಲಿ ಅಂತ ಬಚ್ಚಲು ಒಲೆ ಹತ್ತಿರ ಇಡುವ ಚಾಳಿ ಬೇಡ, ಮರ ಸೀಳು ಬಿಡುತ್ತದೆ. ಬಣ್ಣ ಹಚ್ಚಿದ ಮೇಲಂತೂ ಅದನ್ನು ತೆಳು ಮಾಡಲು ಬೆರೆಸಿದ ಟರ್ಪಂಟೈನ್ ಎಣ್ಣೆಯ ಆವಿಗೆ ಬೆಂಕಿ ತಗಲುವ ಅಪಾಯ ಬೇರೆ.

ಈಗ ಉಜ್ಜುವ ಕೆಲಸ. ನಿಜ ಹೇಳಬೇಕೆಂದರೆ ಇಡೀ ಕೆಲಸದ ಮುಕ್ಕಾಲು ಪಾಲು ಇದೇ. ಉಪ್ಪು ಕಾಗದದ ನಂಬರ್ ಹೆಚ್ಚಿದಷ್ಟೂ ಅದು ನಯ. 80ರ ಕಾಗದದಿಂದ ಶುರು ಮಾಡಿ, 120, ಕೊನೆಗೆ 220. ಮರದ ಎಳೆ ಹೋದ ದಿಕ್ಕಿಗೇ ಉಜ್ಜಿ, ಅಡ್ಡಕ್ಕೆ ಉಜ್ಜಿದರೆ ಗೀರುಗಳು ಬಣ್ಣದಡಿಯಿಂದಲೂ ಎದ್ದು ಕಾಣುತ್ತವೆ. ಹಳೇ ಬಣ್ಣ ಗಟ್ಟಿಯಾಗಿ ಕಚ್ಚಿಕೊಂಡಿದ್ದರೆ ಪೂರ್ತಿ ಕೀಳುವ ಅಗತ್ಯವಿಲ್ಲ, ಹೊಳಪು ಹೋದರೆ ಸಾಕು. ಆದರೆ ಒಂದು ಎಚ್ಚರ. ನಮ್ಮ ದೇಶದಲ್ಲಿ ಮನೆ ಬಣ್ಣದಲ್ಲಿ ವಿಷಕಾರಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90) ಮೀರಬಾರದೆಂಬ ನಿಯಮ ಜಾರಿಯಾಗಿದ್ದು 2017ರಲ್ಲಿ. ಅದಕ್ಕಿಂತ ಹಳೇ ಬಣ್ಣವಾದರೆ ನೀರು ತಾಗಿದರೂ ಹಾಳಾಗದ ವಾಟರ್ ಪೇಪರ್‌ನಲ್ಲಿ ಒದ್ದೆ ಮಾಡಿ ಉಜ್ಜಿ, ಧೂಳಿಗೆ ತಕ್ಕ ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ, ಮಕ್ಕಳು ಹತ್ತಿರ ಬರದಂತೆ ನೋಡಿಕೊಳ್ಳಿ. ಒದ್ದೆ ಮಾಡಿದ್ದನ್ನು ಮತ್ತೆ ಚೆನ್ನಾಗಿ ಒಣಗಿಸಬೇಕು.

ತೂತು, ಬಿರುಕುಗಳಿಗೆ ಮರದ ಪುಟ್ಟಿ ತುಂಬಿ. ಗೋಡೆಯ ಪುಟ್ಟಿ ಮಿಕ್ಕಿದೆ ಅಂತ ಅದನ್ನೇ ಮೆತ್ತಬೇಡಿ, ಉದುರಿ ಹೋಗುತ್ತದೆ. ಪುಟ್ಟಿ ಒಣಗಿದ ಮೇಲೆ ಸಮ ಮಾಡಿ, ಧೂಳು ಒರೆಸಿ, ಬಣ್ಣ ಹಿಡಿಯಲಿ ಅಂತ ಮೊದಲು ಹಚ್ಚುವ ವುಡ್ ಪ್ರೈಮರ್ ಒಂದು ಕೋಟ್ ಕೊಡಿ. ಕಾಲುಗಳ ತುದಿಗೆ, ಹಲಗೆಯ ಅಡಿಗೂ ಹಚ್ಚಿ. ನೆಲದ ತೇವ ಏರುವುದು ಅಲ್ಲಿಂದಲೇ.

ಆಮೇಲೆ ಇನಾಮಲ್ ಬಣ್ಣ. ಡಬ್ಬದ ಮೇಲೆ ಹೇಳಿದಷ್ಟೇ ಟರ್ಪಂಟೈನ್ ಬೆರೆಸಿ. ಲ್ಯಾಕರ್ ತೆಳು ಮಾಡುವ ಎನ್‌ಸಿ ಥಿನ್ನರ್ ಬೇರೆ, ಅದನ್ನು ಸುರಿದರೆ ಕೆಳಗಿನ ಕೋಟ್ ಸುಕ್ಕುಗಟ್ಟುತ್ತದೆ. ಬ್ರಷ್ ತುದಿಯನ್ನಷ್ಟೇ ಅದ್ದಿ ತೆಳ್ಳಗೆ ಎಳೆಯಿರಿ, ದಪ್ಪಗೆ ಬಳಿದರೆ ಕಾಲುಗಳ ಮೇಲೆ ಬಣ್ಣ ಇಳಿದು ಕಣ್ಣೀರಿಟ್ಟಂತೆ ಕಾಣುತ್ತದೆ. ಇಬ್ಬನಿ ಆರಿದ ಮೇಲೆ, ಬೆಳಿಗ್ಗೆ ಹತ್ತರ ನಂತರ ಶುರು ಮಾಡಿ ಮಧ್ಯಾಹ್ನದೊಳಗೆ ಮುಗಿಸಿ. ಸಂಜೆಯ ಥಂಡಿಗೆ ಹಸಿ ಬಣ್ಣದ ಹೊಳಪು ಮಂಕಾಗುತ್ತದೆ. ಮಾರನೇ ದಿನ 320ರ ಕಾಗದದಿಂದ ಹಗುರವಾಗಿ ಒಮ್ಮೆ ಎಳೆದು ನೋಡಿ. ಪುಡಿ ಬಂದರೆ ಎರಡನೇ ಕೋಟ್ ಹಚ್ಚಬಹುದು, ಕಾಗದಕ್ಕೆ ಮೆತ್ತಿಕೊಂಡರೆ ಇನ್ನೊಂದು ದಿನ ಕಾಯಿರಿ.

ಡ್ರಾಯರ್ ಇದ್ದರೆ ಅದರ ಮುಖಕ್ಕೆ ಮಾತ್ರ ಬಣ್ಣ ಸಾಕು. ಪಕ್ಕಗಳಿಗೆ ಬಳಿದರೆ ಮೊದಲ ಮಳೆಗೇ ಬಿಗಿದುಕೊಂಡು ಎಳೆದರೂ ಬರುವುದಿಲ್ಲ. ಅಲ್ಲಿಗೆ ಸುಮ್ನೆ ಮೇಣದಬತ್ತಿ ಉಜ್ಜಿ ಬಿಡಿ.